ಹೊಸ ಲ್ಯಾಪ್‌ಟಾಪ್‌ನಲ್ಲಿ ಸೀಡಿ ಹಾಕುವ ಜಾಗವೇ ಇಲ್ಲ, ಈಗೇನು ಮಾಡೋದು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಗೆ ಹೊಸ ಲ್ಯಾಪ್‌ಟಾಪ್ ಬರುವುದು ಹೆಚ್ಚಾಗಿ ಅಡಿಕೆ ದುಡ್ಡು ಕೈಸೇರಿದಾಗ, ಇಲ್ಲಾ ಮಕ್ಕಳು ಕಾಲೇಜು ಸೇರಿದಾಗ. ನಾಲ್ಕು ದಿನ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಆಯಿ ಕಪಾಟಿನಿಂದ ಅಣ್ಣನ ಮದುವೆ ಸೀಡಿ ಹಿಡಿದುಕೊಂಡು ಬಂದು, ಲ್ಯಾಪ್‌ಟಾಪನ್ನು ಆಚೆ ಈಚೆ ತಿರುಗಿಸಿ ನೋಡಿ, "ತಮಾ, ಇದಕ್ಕೆ ಸೀಡಿ ಹಾಕಲೆ ಜಾಗವೇ ಇಲ್ಯಲಾ?" ಎನ್ನುತ್ತಾಳೆ. ಶಾಲೆಯ ಪ್ರೊಜೆಕ್ಟರ್‌ಗೆ ಜೋಡಿಸಲು ಹೋದರೆ ಆ ನೀಲಿ ಪಿನ್ನಿಗೆ ಜಾಗ ಇಲ್ಲ. ಬ್ರಾಡ್‌ಬ್ಯಾಂಡ್ ವೈರಿಗೂ ಇಲ್ಲ. ಕೆಲವು ಮಾಡೆಲ್‌ಗಳಲ್ಲಂತೂ ಪೆನ್‌ಡ್ರೈವ್‌ಗೂ ಜಾಗ ಇಲ್ಲ, ಮೊಬೈಲ್ ಚಾರ್ಜರ್ ಹಾಕುವಂಥ ಎರಡು ಸಣ್ಣ ಕಿಂಡಿ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ.

ಗಾಬರಿ ಬೇಡ. ಇವೆಲ್ಲಕ್ಕೂ ದಾರಿ ಇದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಿನ್ನು ಹೊಂದದ ತೊಂದರೆಯನ್ನು ಇವತ್ತಲ್ಲದಿದ್ದರೆ ಮುಂದಿನ ವರ್ಷ ಕೂಡ ದುಡ್ಡು ಕೊಟ್ಟು ಬಗೆಹರಿಸಬಹುದು, ಕನೆಕ್ಟರ್ ಎಲ್ಲಿಗೂ ಓಡಿಹೋಗುವುದಿಲ್ಲ. ಸೀಡಿ ಹಾಗಲ್ಲ. ನಮ್ಮ ಮಳೆಗಾಲದ ಥಂಡಿಯಲ್ಲಿ ಅದು ಕಪಾಟಿನೊಳಗೇ ಹಾಳಾಗುತ್ತಾ ಇರುತ್ತದೆ, ಒಮ್ಮೆ ಹಾಳಾದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಸೀಡಿ ಕೆಲಸ ಮೊದಲು, ಉಳಿದದ್ದು ನಿಧಾನಕ್ಕೆ.

ಇವನ್ನೆಲ್ಲ ಯಾಕೆ ತೆಗೆದರು ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನ ಸೀಡಿ ಡ್ರೈವ್ 9.5 ಅಥವಾ 12.7 ಮಿಲಿಮೀಟರ್ ದಪ್ಪ, ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳ ಕೆಳಭಾಗವೇ ಅಷ್ಟು ದಪ್ಪ ಇಲ್ಲ. 1998ರಲ್ಲಿ ಆಪಲ್ ತನ್ನ ಐಮ್ಯಾಕ್‌ನಲ್ಲಿ ಫ್ಲಾಪಿ ಬಿಟ್ಟಿತು, 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಸೀಡಿ ಡ್ರೈವನ್ನೂ ಬಿಟ್ಟಿತು, ಬೇರೆ ಕಂಪನಿಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಪ್ರೊಜೆಕ್ಟರಿನ ನೀಲಿ ಪಿನ್ನು, ಅಂದರೆ ವಿಜಿಎ, 1987ರಷ್ಟು ಹಳೆಯದು. ಅದನ್ನು ಬಿಟ್ಟುಬಿಡುತ್ತೇವೆ ಎಂದು ಇಂಟೆಲ್, ಎಎಂಡಿ ಜೊತೆಗೆ ಕೆಲವು ಲ್ಯಾಪ್‌ಟಾಪ್ ಕಂಪನಿಗಳು 2010ರಲ್ಲೇ ಹೇಳಿದ್ದವು. ಮೊಬೈಲ್ ಚಾರ್ಜರ್ ಹಾಕುವಂಥ ಆ ಸಣ್ಣ ಕಿಂಡಿ, ಅಂದರೆ ಟೈಪ್ ಸಿ, ಬಂದದ್ದು 2014ರಲ್ಲಿ. ಇಷ್ಟು ಸಾಕು.

ಅಂಗಡಿಗೆ ಹೋಗುವ ಮೊದಲು ಒಂದು ಪಟ್ಟಿ

ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಬರೆಯಿರಿ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಕಂಪ್ಯೂಟರಿಗೆ ಚುಚ್ಚುವ ಸಾಮಾನು ಏನೇನಿದೆ? ಪೆನ್‌ಡ್ರೈವ್, ಮೌಸ್, ಪ್ರಿಂಟರ್, ಜಿಎಸ್‌ಟಿ ತುಂಬಲು ಡಿಜಿಟಲ್ ಸಹಿಯ ಟೋಕನ್, ಲ್ಯಾನ್ ವೈರು, ಹಳೇ ಹಾರ್ಡ್‌ಡಿಸ್ಕ್, ಕ್ಯಾಮೆರಾದ ಕಾರ್ಡು, ತೂಕದ ಯಂತ್ರ. ಒಂದೊಂದರ ಮುಂದೆಯೂ ಅದರ ಪಿನ್ನಿನ ಆಕಾರ ಬರೆಯಿರಿ, ಹೆಸರು ಗೊತ್ತಿಲ್ಲದಿದ್ದರೆ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ದಿನಾ ಬೇಕಾಗುವುದಕ್ಕೆ ಗುರುತು ಹಾಕಿ. ಹೀಗೆ ಮಾಡದೆ ಹೋದರೆ ಅಂಗಡಿಯವರು ಹತ್ತು ತೂತಿನ ದೊಡ್ಡ ಹಬ್ ಕೊಡುತ್ತಾರೆ, ಅದರಲ್ಲಿ ನಿಮಗೆ ಬೇಕಾದದ್ದು ಎರಡೇ ಇರುತ್ತದೆ.

ಸೀಡಿ, ಡಿವಿಡಿ: ಇದನ್ನು ಈ ಬೇಸಿಗೆಯೊಳಗೆ ಮುಗಿಸಿ

ಬೇಕಾದದ್ದು ಯುಎಸ್‌ಬಿಗೆ ಚುಚ್ಚುವ ಹೊರಗಿನ ಡಿವಿಡಿ ಡ್ರೈವ್. ಒಂದೆರಡು ಸಾವಿರದ ಒಳಗೆ ಸಿಗುತ್ತದೆ. ಸೀಡಿ, ವಿಸಿಡಿ, ಡಿವಿಡಿ ಮೂರನ್ನೂ ಓದುತ್ತದೆ. ಮನೆಗೊಂದು ಬೇಡವೇ ಬೇಡ. ಕೇರಿಯ ನಾಲ್ಕು ಮನೆ ಸೇರಿ ಒಂದು ತಗೊಂಡರೆ ಸಾಕು, ಯಾಕೆಂದರೆ ಒಮ್ಮೆ ಎಲ್ಲವನ್ನೂ ಕಾಪಿ ಮಾಡಿಕೊಂಡ ಮೇಲೆ ಅದಕ್ಕೆ ಅಷ್ಟೇನೂ ಕೆಲಸ ಇರುವುದಿಲ್ಲ. ಮನೆಯಲ್ಲಿ ಕೆಟ್ಟು ಕೂತ ಹಳೇ ಲ್ಯಾಪ್‌ಟಾಪ್ ಇದ್ದರೆ ಹೊಸ ಡ್ರೈವೂ ಬೇಡ. ಹೆಚ್ಚಿನ ಹಳೇ ಮಾಡೆಲ್‌ಗಳಲ್ಲಿ ಅಡಿಯ ಒಂದು ಸ್ಕ್ರೂ ಬಿಚ್ಚಿದರೆ ಸೀಡಿ ಡ್ರೈವ್ ಹಾಗೇ ಪಕ್ಕಕ್ಕೆ ಜಾರಿ ಬರುತ್ತದೆ. ಅದನ್ನು ಕೂರಿಸಿ ಯುಎಸ್‌ಬಿಗೆ ಜೋಡಿಸುವ ಖಾಲಿ ಕೇಸ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಡ್ರೈವಿನ ದಪ್ಪ ಅಳೆದು 9.5ರದ್ದೋ 12.7ರದ್ದೋ ನೋಡಿ ತರಿಸಿ, ಡ್ರೈವಿನ ಹಿಂದಿನ ಕನೆಕ್ಟರ್ ಸಾಟಾ ಎಂಬ ಬಗೆಯದು ಹೌದಾ ಅಂತಲೂ ಕೇಳಿ ನೋಡಿ.

ಡ್ರೈವ್ ಚುಚ್ಚಿದ ಮೇಲೆ ಟಕ್ ಟಕ್ ಸದ್ದು ಮಾಡಿ ಸುಮ್ಮನಾದರೆ ಡ್ರೈವ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹೆಚ್ಚಾಗಿ ಕರೆಂಟು ಸಾಲದೆ ಹೀಗಾಗುತ್ತದೆ. ಯುಎಸ್‌ಬಿ 2.0 ಕೊಡುವುದು 500 ಮಿಲಿಆಂಪ್, 3.0 ಕೊಡುವುದು 900. ಡಿಸ್ಕ್ ತಿರುಗಲು ಶುರುವಾಗುವ ಹೊತ್ತಿಗೆ ಜಾಸ್ತಿ ಕರೆಂಟು ಬೇಕು. ನೇರ ಲ್ಯಾಪ್‌ಟಾಪಿಗೇ ಚುಚ್ಚಿ, ಹಬ್‌ಗೆ ಬೇಡ. ಕೆಲವು ಡ್ರೈವ್‌ಗೆ ಎರಡು ತಲೆಯ ವೈರು ಬರುತ್ತದೆ, ಆಗ ಎರಡನ್ನೂ ಚುಚ್ಚಿ. ಟಿವಿಯ ಹಿಂದೆ ಚುಚ್ಚಿ ನೋಡುತ್ತೇನೆ ಅಂದರೆ ಹೆಚ್ಚಿನ ಟಿವಿಗಳು ಈ ಡ್ರೈವನ್ನು ಗುರುತಿಸುವುದಿಲ್ಲ.

ಈಗ ಡಿಸ್ಕ್. ನಮ್ಮ ಕಡೆ ಮದುವೆ, ಉಪನಯನ, ತಾಳಮದ್ದಲೆಯ ಸೀಡಿಗಳೆಲ್ಲ ರೆಕ್ಸಿನ್ ಚೀಲದಲ್ಲೋ ಪ್ಲಾಸ್ಟಿಕ್ ಕವರಿನಲ್ಲೋ ಇರುತ್ತವೆ. ಆಷಾಢ, ಶ್ರಾವಣ ಕಳೆದು ತೆಗೆದು ನೋಡಿ, ಕವರು ಡಿಸ್ಕಿಗೆ ಅಂಟಿರುತ್ತದೆ, ಹೊಳೆಯುವ ಬದಿಯಲ್ಲಿ ಬೇರು ಬಿಟ್ಟ ಹಾಗೆ ಬಿಳಿ ಬೂಷ್ಟು. ಎಳೆದು ಕೀಳಬೇಡಿ. ಅಂಚಿನಿಂದ ನಿಧಾನಕ್ಕೆ ಬಿಡಿಸಿ. ಆಮೇಲೆ ಹೆಸರು ಬರೆದ ಬದಿಯನ್ನು ನಿಮ್ಮ ಕಡೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಲ್ಲಿ ಬೆಳಕು ಕಂಡರೆ ಅಲ್ಲಿ ಹೊಳಪಿನ ಪದರ ಎದ್ದುಹೋಗಿದೆ, ಅಲ್ಲಿದ್ದ ಮಾಹಿತಿ ಹೋದ ಹಾಗೆ. ಉಳಿದದ್ದನ್ನು ಇನ್ನೂ ತೆಗೆಯಬಹುದು. ಎಲ್ಲರೂ ಕೆಳಗಿನ ಹೊಳೆಯುವ ಬದಿಯನ್ನು ಕಾಪಾಡುತ್ತಾರೆ, ಸೀಡಿಯಲ್ಲಿ ನಾಜೂಕು ಇರುವುದು ಮೇಲಿನ ಬದಿ. 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ತುದಿಯಲ್ಲಿ, ಹೆಸರಿನ ಪದರದ ಅಡಿಗೇ ಮಾಹಿತಿ ಕೂತಿರುತ್ತದೆ, ಬಾಲ್‌ಪೆನ್ನಿನಿಂದ ಒತ್ತಿ ಹೆಸರು ಬರೆದರೂ ಪೆಟ್ಟಾಗುತ್ತದೆ. ಡಿವಿಡಿಯಲ್ಲಿ ಅದು ಎರಡು ಪ್ಲಾಸ್ಟಿಕ್ಕಿನ ನಡುವೆ ಇರುವುದರಿಂದ ಸ್ವಲ್ಪ ಗಟ್ಟಿ.

ಬೂಷ್ಟು ತೆಗೆಯಲು ಶುದ್ಧ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಮೆತ್ತನೆ ಹತ್ತಿ ಬಟ್ಟೆ ಅದ್ದಿ, ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ, ಮಾಹಿತಿ ಬರೆದಿರುವುದು ಸುತ್ತಿನಲ್ಲೇ, ಆ ದಿಕ್ಕಿನಲ್ಲಿ ಗೀರು ಬಿದ್ದರೆ ಒಂದೇ ಕಡೆ ಉದ್ದಕ್ಕೂ ಹೋಗುತ್ತದೆ. ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ದ್ರವ ಯಾವುದೂ ಬೇಡ. ಹೆಸರಿನ ಬದಿ ಹೊಪ್ಪಳೆ ಏಳುತ್ತಿದ್ದರೆ ಆ ಕಡೆ ನೀರೇ ತಾಗಿಸಬೇಡಿ. ನೆರಳಲ್ಲಿ ಪೂರ್ತಿ ಒಣಗಿಸಿ, ಬಿಸಿಲಿಗೆ ಬೇಡ, ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕಿನ ಬಣ್ಣದ ಪದರಕ್ಕೆ ಬಿಸಿಲು ಆಗುವುದಿಲ್ಲ.

ಇನ್ನು ಕಾಪಿ. ಡಿಸ್ಕ್ ಯಾವ ಬಗೆಯದು ಎಂಬುದರ ಮೇಲೆ ಕೆಲಸ ಬದಲಾಗುತ್ತದೆ, ಇಲ್ಲೇ ಎಷ್ಟೋ ಜನ ಎಡವುವುದು.

ಫೋಟೋ ಸೀಡಿ, ಎಂಪಿ3 ಭಜನೆ ಸೀಡಿ ಆದರೆ ತೆರೆದು ಎಲ್ಲವನ್ನೂ ಕಾಪಿ ಮಾಡಿ, ಮುಗಿಯಿತು. ಹಳೇ ಆಡಿಯೋ ಸೀಡಿ ಆದರೆ ಒಳಗೆ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂದು ಸಿಡಿಎ ಫೈಲುಗಳು ಕಾಣುತ್ತವೆ. ಅವನ್ನು ಕಾಪಿ ಮಾಡಿದರೆ ಏನೂ ಬರುವುದಿಲ್ಲ. ಒಂದೊಂದು 44 ಬೈಟಿನ ಗುರುತುಚೀಟಿ ಅಷ್ಟೇ, ಹಾಡು ಅದರೊಳಗಿಲ್ಲ. ಕಾಪಿ ಆಯ್ತು ಅಂತ ಸೀಡಿ ಬಿಸಾಡಿದರೆ ಹಾಡೂ ಹೋಯ್ತು. ಅದಕ್ಕೆ ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲಿ ರಿಪ್ ಸೀಡಿ ಎಂಬ ಬಟನ್ ಇದೆ, ಅದನ್ನು ಒತ್ತಿ.

ವಿಸಿಡಿ ಆದರೆ ಎಂಪೆಗ್‌ಎವಿ ಎಂಬ ಫೋಲ್ಡರ್ ಹುಡುಕಿ, ಅದರಲ್ಲಿ ದೊಡ್ಡ ಗಾತ್ರದ ಡಿಎಟಿ ಫೈಲುಗಳಿರುತ್ತವೆ, ಅವೇ ವಿಡಿಯೋ. ಡಿವಿಡಿ ಆದರೆ ವಿಡಿಯೋ ಟಿಎಸ್ ಎಂಬ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ನೋಡಲು ವಿಎಲ್‌ಸಿ ಹಾಕಿಕೊಳ್ಳಿ. ಅದು ಉಚಿತ, ಹೊಸ ವಿಂಡೋಸ್‌ನಲ್ಲಿ ಡಿವಿಡಿ ನೋಡುವ ಸೌಕರ್ಯ ತಾನಾಗಿ ಇರುವುದಿಲ್ಲ. ಟಿವಿಯಲ್ಲಿ ನೋಡಬೇಕು, ದುಬೈಯಲ್ಲಿರುವ ತಂಗಿಗೆ ಕಳಿಸಬೇಕು ಅಂದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಂಪಿ4 ಮಾಡಿ. ಆಗ ಡಿಇಂಟರ್‌ಲೇಸ್ ಆನ್ ಇದೆಯಾ ನೋಡಿ. ಹಳೇ ಕ್ಯಾಮೆರಾಗಳು ಒಂದೊಂದು ಚಿತ್ರವನ್ನೂ ಎರಡು ಪಾಲು ಮಾಡಿ ಬರೆಯುತ್ತಿದ್ದವು, ಅದನ್ನು ಸರಿಮಾಡದೆ ಬಿಟ್ಟರೆ ಯಕ್ಷಗಾನದ ವೇಷ ಗಿರಕಿ ಹೊಡೆಯುವಾಗ ಅಂಚಿನಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಏಳುತ್ತದೆ. ಮೂಲ ಫೋಲ್ಡರನ್ನು ಅಳಿಸಬೇಡಿ, ಅದೂ ಇರಲಿ.

ಅಂಗೈಯಗಲದ ಪುಟ್ಟ ಡಿಸ್ಕುಗಳು ಇದ್ದರೆ ಎರಡು ಎಚ್ಚರ. ಹಳೇ ಹ್ಯಾಂಡಿಕ್ಯಾಮ್‌ಗಳಲ್ಲಿ ಬರುತ್ತಿದ್ದ 8 ಸೆಂಟಿಮೀಟರಿನ ಡಿಸ್ಕ್ ಅವು. ಟ್ರೇ ಹೊರಗೆ ಬರುವ ಡ್ರೈವಿಗೇ ಹಾಕಿ, ಬಾಯಿಗೆ ತೂರಿಸುವಂಥ ಡ್ರೈವಿನಲ್ಲಿ ಒಳಗೆ ಸಿಕ್ಕಿಬೀಳುತ್ತದೆ. ಮತ್ತೆ, ಆಗ ಶೂಟ್ ಮಾಡಿದವರು ಕ್ಯಾಮೆರಾದಲ್ಲಿ ಫೈನಲೈಸ್ ಮಾಡದೆ, ಅಂದರೆ ಬೇರೆ ಯಂತ್ರಗಳೂ ಓದುವ ಹಾಗೆ ಡಿಸ್ಕನ್ನು ಮುಗಿಸದೆ ಬಿಟ್ಟಿದ್ದರೆ ಲ್ಯಾಪ್‌ಟಾಪಿಗೆ ಅದು ಖಾಲಿ ಡಿಸ್ಕ್ ಹಾಗೆ ಕಾಣುತ್ತದೆ. ಎಸೆಯಬೇಡಿ. ಆ ಕ್ಯಾಮೆರಾ, ಇಲ್ಲವೇ ಅದೇ ಬಗೆಯದು ಯಾರ ಮನೆಯಲ್ಲಾದರೂ ಇದೆಯಾ ಕೇಳಿ, ಅದರಲ್ಲಿ ಹಾಕಿ ಫೈನಲೈಸ್ ಮಾಡಿದರೆ ಓದಲು ಬರುತ್ತದೆ.

ಕಾಪಿ ನಡುವೆ ನಿಂತುಹೋದರೆ? ಡಿಸ್ಕ್ ತೆಗೆದು ಮತ್ತೆ ಒರೆಸಿ. ಫೈಲುಗಳನ್ನು ಒಟ್ಟಿಗೆ ಬೇಡ, ಒಂದೊಂದಾಗಿ ಕಾಪಿ ಮಾಡಿ, ಹಾಳಾದ ಒಂದನ್ನು ಬಿಟ್ಟು ಉಳಿದವಾದರೂ ಬರುತ್ತವೆ. ಅದೂ ಆಗದಿದ್ದರೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ, ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದು ತೀರಾ ಸಾಮಾನ್ಯ. ನೆಂಟರ ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಈ ಕೆಲಸದಲ್ಲಿ ತುಂಬಾ ಬೆಲೆ ಇದೆ. ಲಿನಕ್ಸ್ ಗೊತ್ತಿರುವ ಹುಡುಗರು ಸಿಕ್ಕರೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಹಾಕಿಸಿ, ಅದು ಓದಲಾಗದ ಜಾಗ ಬಿಟ್ಟು ಮುಂದೆ ಹೋಗಿ, ಕೊನೆಗೆ ಮತ್ತೆ ಆ ಜಾಗಕ್ಕೆ ಬಂದು ಪ್ರಯತ್ನ ಮಾಡುತ್ತದೆ.

ಎಲ್ಲಿ ಇಡೋದು? ತುಂಬಿದ ಡಿವಿಡಿ 4.7 ಜಿಬಿ, ಸೀಡಿ 700 ಎಂಬಿ. 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ತುಂಬಿದ ಡಿವಿಡಿಗಳೇ ಸುಮಾರು 200 ಹಿಡಿಯುತ್ತವೆ, ಒಂದು ಮನೆತನದ ಎಲ್ಲ ಮದುವೆಗೂ ಸಾಕು. ಎರಡು ಕಡೆ ಇಡಿ. ಒಂದು ಮನೆಯಲ್ಲಿ, ಒಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಮಕ್ಕಳ ಹತ್ತಿರ. ಪೆನ್‌ಡ್ರೈವ್ ಒಂದನ್ನೇ ನಂಬಿ ಕೂರಬೇಡಿ, ಅದು ಒಯ್ದು ತರಲು ಸರಿ. ಪೆನ್‌ಡ್ರೈವ್‌ಗೆ ದೊಡ್ಡ ಫೈಲ್ ಹಾಕುವಾಗ ಜಾಗ ಇದ್ದರೂ ಆಗುವುದಿಲ್ಲ ಅಂತ ಬಂದರೆ ಅದು ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ ಎಂದರ್ಥ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಒಳಗಿರುವುದನ್ನು ಬೇರೆಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಸೊಸೈಟಿ, ದೇವಸ್ಥಾನದ ಹಳೇ ಕಡತದ ಸೀಡಿ ಆದರೆ ಇನ್ನೊಂದು ವಿಷಯ. ಕಾಪಿ ಸರಿಯಾಗಿಯೇ ಆಗಿರುತ್ತದೆ, ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ. ಫೈಲ್ ಕೆಟ್ಟಿಲ್ಲ. ಆಗ 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಅದು. ನುಡಿಯಲ್ಲೂ ಬರಹದಲ್ಲೂ ಅದನ್ನು ಈಗಿನ ಕಂಪ್ಯೂಟರುಗಳು ಓದುವ ಯೂನಿಕೋಡಿಗೆ ಬದಲಿಸುವ ಪರಿವರ್ತಕ ಇದೆ. ಪ್ರಿಂಟರ್ ಜೊತೆ ಬಂದ ಡ್ರೈವರ್ ಸೀಡಿಗಳನ್ನು ಮಾತ್ರ ಕಾಪಿ ಮಾಡುತ್ತಾ ಕೂರಬೇಡಿ, ಅವು ಕಂಪನಿಯ ಸೈಟಿನಲ್ಲೇ ಸಿಗುತ್ತವೆ.

ಟೈಪ್ ಸಿ ಕಿಂಡಿ ನೋಡಲು ಒಂದೇ, ಒಳಗೆ ಬೇರೆ ಬೇರೆ

ಟೈಪ್ ಸಿ ಎನ್ನುವುದು ಕಿಂಡಿಯ ಆಕಾರ ಅಷ್ಟೇ. ಒಂದರಲ್ಲಿ ಬರೀ ಡೇಟಾ ಹೋಗಬಹುದು, ಇನ್ನೊಂದರಲ್ಲಿ ಚಾರ್ಜೂ ಆಗಬಹುದು, ಮತ್ತೊಂದರಲ್ಲಿ ಟಿವಿಗೆ ಚಿತ್ರವೂ ಹೋಗಬಹುದು. ಪಕ್ಕದ ಗುರುತು ನೋಡಿ. ಮಿಂಚಿನ ಬಾಣ ಇದ್ದರೆ ಥಂಡರ್‌ಬೋಲ್ಟ್, ಅದು ಹೆಚ್ಚಾಗಿ ಎಲ್ಲವನ್ನೂ ಮಾಡುತ್ತದೆ. ಡಿ ಅಕ್ಷರದಂಥ ಡಿಸ್ಪ್ಲೇಪೋರ್ಟ್ ಗುರುತು ಇದ್ದರೆ ಚಿತ್ರ ಹೋಗುತ್ತದೆ. ಬ್ಯಾಟರಿ ಅಥವಾ ಪ್ಲಗ್ಗಿನ ಗುರುತು ಇದ್ದರೆ ಚಾರ್ಜಿಂಗ್. ಏನೂ ಗುರುತಿಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ಕಂಪನಿಯ ಸೈಟಿನಲ್ಲಿ ನೋಡಿ. ಚಿತ್ರ ಕಳಿಸದ ಕಿಂಡಿಗೆ ಟೈಪ್ ಸಿಯಿಂದ ಎಚ್‌ಡಿಎಂಐಗೆ (ಈಗಿನ ಟಿವಿಗಳಿಗೆ ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಪಿನ್ನು) ಹೋಗುವ ಎಷ್ಟು ದುಬಾರಿ ಕನ್ವರ್ಟರ್ ಚುಚ್ಚಿದರೂ ಟಿವಿ ಕಪ್ಪಗೇ ಇರುತ್ತದೆ.

ವೈರಿನದೂ ಇದೇ ಕಥೆ. ಮೊಬೈಲ್ ಜೊತೆ ಬಂದ ಟೈಪ್ ಸಿ ವೈರು ಹೆಚ್ಚಾಗಿ ಚಾರ್ಜಿಗೆ ಮಾಡಿದ್ದು, ಡೇಟಾ ಹೋದರೂ ಯುಎಸ್‌ಬಿ 2.0ರ ನಿಧಾನದಲ್ಲಿ. ಹಾರ್ಡ್‌ಡಿಸ್ಕ್ ಕಾಪಿಗೆ ಹಾರ್ಡ್‌ಡಿಸ್ಕ್ ಜೊತೆ ಬಂದ ವೈರನ್ನೇ ಬಳಸಿ. ಮೊಬೈಲ್ ಚಾರ್ಜರಿನಿಂದ ಲ್ಯಾಪ್‌ಟಾಪ್ ಚಾರ್ಜ್ ಮಾಡುವವರು ಚಾರ್ಜರಿನ ಮೇಲೆ ಬರೆದ ವ್ಯಾಟ್ ಓದಿ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ 20 ವ್ಯಾಟಿನದು ಚುಚ್ಚಿದರೆ ಒಂದೋ ಚಾರ್ಜೇ ಆಗುವುದಿಲ್ಲ, ಇಲ್ಲಾ ರಾತ್ರಿಯಿಡೀ ಇಟ್ಟರೂ ತುಂಬುವುದಿಲ್ಲ.

ಪೆನ್‌ಡ್ರೈವ್, ಮೌಸ್, ಸಹಿಯ ಟೋಕನ್‌ಗೆ ಟೈಪ್ ಸಿಯಿಂದ ಹಳೇ ಯುಎಸ್‌ಬಿಗೆ ಹೋಗುವ ಬೆರಳಿನಷ್ಟು ಚಿಕ್ಕ ಕನ್ವರ್ಟರ್ ಸಾಕು. ಎರಡು ತಗೊಳ್ಳಿ, ಒಂದು ಕಳೆಯುತ್ತದೆ. 3.0 ಎಂದು ಬರೆದದ್ದನ್ನೇ ಕೇಳಿ. ಟೋಕನ್ ಹಬ್‌ನಲ್ಲಿ ತಕರಾರು ಮಾಡಿದರೆ ನೇರ ಲ್ಯಾಪ್‌ಟಾಪಿಗೆ ಹಾಕಿ. ಹಾರ್ಡ್‌ಡಿಸ್ಕು, ಡಿವಿಡಿ ಡ್ರೈವು ಎರಡನ್ನೂ ಒಟ್ಟಿಗೆ ನಡೆಸಬೇಕಿದ್ದರೆ ಪ್ರತ್ಯೇಕ ಅಡಾಪ್ಟರಿನಿಂದ ಕರೆಂಟು ತೆಗೆದುಕೊಳ್ಳುವ ಹಬ್ ಬೇಕು.

ಪ್ರೊಜೆಕ್ಟರ್, ಲ್ಯಾನ್ ವೈರು, ತೂಕದ ಯಂತ್ರ

ಪ್ರೊಜೆಕ್ಟರಿಗೆ ಕನ್ವರ್ಟರ್ ಕೊಳ್ಳುವ ಮುಂಚೆ ಅದರ ಹಿಂಬದಿ ನೋಡಿ. ಎಷ್ಟೋ ಕಡೆ ವಿಜಿಎ ಪಕ್ಕದಲ್ಲೇ ಎಚ್‌ಡಿಎಂಐ ಇರುತ್ತದೆ, ಉದ್ದದ ವೈರು ಒಂದೇ ಬೇಕಾದದ್ದು. ಇಲ್ಲದಿದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಹೋಗುವ ಕನ್ವರ್ಟರ್ ಕೇಳಿ. ದಿಕ್ಕು ಸರಿಯಾಗಿ ಹೇಳಿ, ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವುದು ಬೇರೆಯೇ ಸಾಮಾನು, ಅದು ಉಲ್ಟಾ ಕೆಲಸ ಮಾಡುವುದಿಲ್ಲ. ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ, ಆದ್ದರಿಂದ ಸ್ಪೀಕರಿಗೆ ಬೇರೆ ವೈರು ಹಾಕಿ. ಜೋಡಿಸಿದ ಮೇಲೂ ಪರದೆ ಖಾಲಿ ಇದ್ದರೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಡುಪ್ಲಿಕೇಟ್ ಆರಿಸಿ.

ಲ್ಯಾನ್ ವೈರಿಗೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಿಗುತ್ತದೆ, ಗಿಗಾಬಿಟ್‌ನದು ತಗೊಳ್ಳಿ. ಗುಡುಗು ಶುರುವಾಯಿತು ಅಂದರೆ ಚಾರ್ಜರನ್ನೂ ಲ್ಯಾನ್ ವೈರನ್ನೂ ಎರಡನ್ನೂ ಕಿತ್ತಿಡಿ. ನಮ್ಮಲ್ಲಿ ಫೈಬರ್ ಇದೆ, ಅದರಲ್ಲಿ ಸಿಡಿಲು ಬರುವುದಿಲ್ಲ ಅನ್ನುವವರಿದ್ದಾರೆ. ಫೈಬರಿನೊಳಗೆ ಬರುವುದಿಲ್ಲ ನಿಜ, ಆದರೆ ಗೋಡೆಯ ಬಾಕ್ಸಿಗೆ ಕರೆಂಟು ವೈರು ಇದೆಯಲ್ಲ, ಅಲ್ಲಿಂದ ಲ್ಯಾನ್ ವೈರಿನಲ್ಲಿ ಲ್ಯಾಪ್‌ಟಾಪ್‌ವರೆಗೂ ಬರುತ್ತದೆ.

ಅಡಿಕೆ ವ್ಯಾಪಾರ, ಮೀನಿನ ವಹಿವಾಟಿನವರಿಗೆ ತೂಕದ ಯಂತ್ರದ ತಲೆನೋವು. ಹಿಂದಿರುವುದು 9 ಪಿನ್ನಿನ ಸೀರಿಯಲ್ ಪೋರ್ಟ್. ಯುಎಸ್‌ಬಿಯಿಂದ ಸೀರಿಯಲ್‌ಗೆ ಹೋಗುವ ವೈರು ಬೇಕು. ಅದರೊಳಗಿನ ಚಿಪ್ ಮುಖ್ಯ, ಎಫ್‌ಟಿಡಿಐ ಚಿಪ್ಪಿನದು ಸಿಕ್ಕರೆ ಒಳ್ಳೆಯದು. ಹಳೇ ಪ್ರೊಲಿಫಿಕ್ ಚಿಪ್ಪಿನ ವೈರು ಹಳೇ ಕಂಪ್ಯೂಟರಿನಲ್ಲಿ ನಡೆದಿದ್ದರೂ ಹೊಸ ವಿಂಡೋಸ್‌ನಲ್ಲಿ ನಡೆಯದೇ ಹೋಗಬಹುದು, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬರುತ್ತದೆ. ಎಲ್ಲ ಸರಿಯಿದ್ದೂ ಬಿಲ್ಲಿನಲ್ಲಿ ತೂಕ ಬರದಿದ್ದರೆ ಪೋರ್ಟಿಗೆ ವಿಂಡೋಸ್ ಕೊಟ್ಟ ನಂಬರ್ ನೋಡಿ. ಬಿಲ್ಲಿಂಗ್ ತಂತ್ರಾಂಶ ಕಾಮ್1ರಲ್ಲಿ ಹುಡುಕುತ್ತಿರುತ್ತದೆ, ಹೊಸ ವೈರಿಗೆ ವಿಂಡೋಸ್ ಕಾಮ್5 ಎಂದು ಕೊಟ್ಟಿರುತ್ತದೆ. ಡಿವೈಸ್ ಮ್ಯಾನೇಜರ್, ಪೋರ್ಟ್ಸ್, ಆ ಪೋರ್ಟಿನ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಹೀಗೆ ಹೋದರೆ ನಂಬರ್ ಬದಲಿಸಬಹುದು. ಆಮೇಲೆ ವೈರನ್ನು ಯಾವಾಗಲೂ ಅದೇ ಕಿಂಡಿಗೆ ಚುಚ್ಚಿ, ಕಿಂಡಿ ಬದಲಾದರೆ ನಂಬರೂ ಬದಲಾಗಬಹುದು.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡಲಬದಿಯವರು ಈ ಕನ್ವರ್ಟರ್‌ಗಳನ್ನು ಮೇಜಿನ ಮೇಲೆ ಬಿಡಬೇಡಿ. ಉಪ್ಪುಗಾಳಿಗೆ ಪಿನ್ನು ಹಸಿರುಗಟ್ಟುತ್ತದೆ, ಆಮೇಲೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ, ಹೊಸ ಬೂಟು ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಡಿವಿಡಿ ಡ್ರೈವೂ ಅದರಲ್ಲೇ ಇರಲಿ. ಹಸಿರುಗಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆತ್ತನೆ ಬ್ರಷ್ ಅದ್ದಿ ಒರೆಸಿ, ಪೂರ್ತಿ ಆರಿದ ಮೇಲೆ ಚುಚ್ಚಿ. ಕೊಳ್ಳಲು ಹುಬ್ಬಳ್ಳಿಗೆ ಹೋಗುವುದಾದರೆ ಲ್ಯಾಪ್‌ಟಾಪ್, ಹಾರ್ಡ್‌ಡಿಸ್ಕ್, ಒಂದು ಹಳೇ ಸೀಡಿ ಜೊತೆಗೆ ಒಯ್ಯಿರಿ, ಅಂಗಡಿಯಲ್ಲೇ ಚುಚ್ಚಿ ನೋಡಿ, ಆಮೇಲೆ ದುಡ್ಡು ಕೊಡಿ.